ಕೇಬಲ್ ಅಣ್ಣ, ದೊಡ್ಡ ಕಂಪನಿ, 5ಜಿ ಡಬ್ಬಿ: ಒಂದೇ ಮನೆಯಲ್ಲಿ ಮೂರು ನೆಟ್

ಹೋದ ವರ್ಷ ಜೂನ್‌ನಿಂದ ಸುಮಾರು ಎಂಟು ತಿಂಗಳು ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಎರಡು, ಅದರಲ್ಲಿ ಮೂರು ತಿಂಗಳು ಮೂರು ಇಂಟರ್ನೆಟ್ ಕನೆಕ್ಷನ್ ಇದ್ದವು. ಶೋಕಿಗಲ್ಲ. ಮೊದಲನೆಯದು ಕೈಕೊಟ್ಟಿತು ಅಂತ ಎರಡನೆಯದು ಹಾಕಿಸಿದೆ, ಅದನ್ನೂ ಪೂರ್ತಿ ನಂಬಲಾಗದೆ ಮೂರನೆಯದು ತಂದೆ, ಆಮೇಲೆ ಹೇಗೂ ಮೂರೂ ಇವೆಯಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಮೂರೂ ಇದ್ದಾಗ ಎಲ್ಲ ಸೇರಿ ತಿಂಗಳಿಗೆ 2,250 ರೂಪಾಯಿ. ಹೆಂಡತಿ ಏನಂದಳು ಅಂತ ಇಲ್ಲಿ ಬರೆಯುವುದು ಬೇಡ.

ಹೆಸರು ಯಾವುದನ್ನೂ ಹೇಳುವುದಿಲ್ಲ. ಒಂದು ನಮ್ಮ ಏರಿಯಾದ ಕೇಬಲ್ ಅಣ್ಣನ ಫೈಬರ್: 100 ಎಂಬಿಪಿಎಸ್, 600 ರೂಪಾಯಿ. ಇನ್ನೊಂದು ದೊಡ್ಡ ಕಂಪನಿಯ ಫೈಬರ್: ಅದೇ 100, ಜಾಹೀರಾತಿನಲ್ಲಿ 799, ಜಿಎಸ್‌ಟಿ ಸೇರಿದರೆ 943. ಮೂರನೆಯದು ಕಿಟಕಿ ಪಕ್ಕ ಇಡುವ 5ಜಿ ಡಬ್ಬಿ. ತಂತಿ ಇಲ್ಲ. 599ರ ಪ್ಲಾನು, ತೆರಿಗೆ ಸೇರಿ 707.

ತಕರಾರು ಶುರುವಾಗಿದ್ದು ಕೇಬಲ್ ಅಣ್ಣನ ನೆಟ್‌ನಿಂದ. ಹಗಲು ಹೊತ್ತು ಏನೂ ತೊಂದರೆ ಇಲ್ಲ. ರಾತ್ರಿ ಎಂಟಾದರೆ ವಿಚಿತ್ರ. ಯೂಟ್ಯೂಬ್ ಸಲೀಸಾಗಿ ಓಡುತ್ತದೆ, ಆದರೆ ಆಫೀಸಿನ ಸರ್ವರ್ ತೆವಳುತ್ತದೆ, ನಾನು ದಿನಾ ಓದುವ ಒಂದು ಪುಟ್ಟ ಕನ್ನಡ ತಾಣ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 97, 98! ಅಣ್ಣ ಬಂದು ಅದನ್ನೇ ತೋರಿಸಿ "ನೋಡಿ ಸಾರ್, ಫುಲ್ ಬರ್ತಿದೆ" ಅಂದರು. ನನಗೆ ರೇಗಿತು. ಯಾರೋ ದುಡ್ಡು ಕೊಟ್ಟವರಿಗೆ ಅಗಲವಾದ ದಾರಿ, ಉಳಿದವರಿಗೆ ಕಾಲುದಾರಿ ಮಾಡಿದ್ದಾರೆ ಅಂತಲೇ ಅಂದುಕೊಂಡೆ. ಅಂದರೆ ನೆಟ್ ನ್ಯೂಟ್ರಾಲಿಟಿ, ಎಲ್ಲ ತಾಣಕ್ಕೂ ಒಂದೇ ದಾರಿ ಅನ್ನುವ ನೀತಿ, ನಮ್ಮ ಬೀದಿಯಲ್ಲೇ ಸತ್ತಿದೆ ಅಂತ.

ಅದಕ್ಕೆ ಕಾರಣವೂ ಇತ್ತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಬೇರೆ ದರ ಅಂತ ಹೇಳಿ, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದದ್ದು ನೆನಪಿದೆ. ಮರುವರ್ಷ ನೆಟ್ ನ್ಯೂಟ್ರಾಲಿಟಿ ಉಳಿಸಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಜನ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಕಳಿಸಿದರಲ್ಲ, ಅದರಲ್ಲಿ ನನ್ನದೂ ಒಂದಿತ್ತು. ಫೇಸ್‌ಬುಕ್‌ನವರ ಫ್ರೀ ಬೇಸಿಕ್ಸ್ ಆಗ ಎಲ್ಲ ಕಡೆ ಬೋರ್ಡು ಹಾಕಿಕೊಂಡಿತ್ತು. ಆಯ್ದ ಕೆಲವು ತಾಣ ಬಿಟ್ಟಿ, ಮಿಕ್ಕಿದ್ದಕ್ಕೆ ದುಡ್ಡು. 2016ರ ಫೆಬ್ರವರಿ 8ರಂದು ಟ್ರಾಯ್ ಅದಕ್ಕೆ ಬಾಗಿಲು ಹಾಕಿತು: ಯಾವ ತಾಣ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಗೆ ಬೇರೆ ಬೇರೆ ದರ ಇಡುವಂತಿಲ್ಲ, ಇಟ್ಟರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. 2018ರಲ್ಲಿ ದೂರಸಂಪರ್ಕ ಇಲಾಖೆ ತಡೆಯುವುದು, ನಿಧಾನ ಮಾಡುವುದು, ಒಬ್ಬರಿಗೆ ಮಾತ್ರ ವೇಗ ಕೊಡುವುದು ಇವೆಲ್ಲ ಬೇಡ ಅಂತ ಒಪ್ಪಿ ಲೈಸೆನ್ಸಿನಲ್ಲೇ ಸೇರಿಸಿತು. ಹಾಗಾಗಿ ದೂರು ಬರೆಯಲು ನನ್ನ ಕೈ ತುರಿಸುತ್ತಿತ್ತು.

ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿದೆ. ಅದೇ ರಾತ್ರಿ, ಅದೇ ಹೊತ್ತಿಗೆ, ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ವಿಪಿಎನ್ ಹಾಕಿ ನೋಡಿದೆ. ವಿಪಿಎನ್ ಅಂದರೆ ಯಾವ ತಾಣ ನೋಡುತ್ತಿದ್ದೇವೆ ಅಂತ ನೆಟ್ ಕೊಡುವವರಿಗೆ ಕಾಣದ ಹಾಗೆ ಬೇರೊಂದು ಸರ್ವರ್ ಮೂಲಕ ಸುತ್ತಿ ಹೋಗುವುದು. ಬೇಕಂತಲೇ ಆ ಪುಟ್ಟ ತಾಣವನ್ನು ತಡೆದಿದ್ದರೆ ವಿಪಿಎನ್‌ನಲ್ಲಿ ಅದು ಚುರುಕಾಗಬೇಕು, ಅಲ್ವಾ? ಆಗಲಿಲ್ಲ. ಎರಡರಲ್ಲೂ ತೆವಳಾಟ. ವಿಪಿಎನ್ ಹಾಕಿದ ಕಡೆ ಯೂಟ್ಯೂಬ್ ಕೂಡ ಸುತ್ತತೊಡಗಿತು! ಆಗ ತಲೆಗೆ ಹೊಳೆಯಿತು. ಯಾರೂ ಯಾರನ್ನೂ ತಡೆಯುತ್ತಿಲ್ಲ. ಯೂಟ್ಯೂಬ್‌ನಂಥ ದೊಡ್ಡವರು ಜಾಸ್ತಿ ಜನ ನೋಡುವ ವಿಡಿಯೋಗಳ ಪ್ರತಿಯನ್ನು ನೆಟ್ ಕೊಡುವವರ ಜಾಗದಲ್ಲೇ ಸರ್ವರ್ ಇಟ್ಟು ತುಂಬಿರುತ್ತಾರೆ. ಅದು ಪಕ್ಕದ ಅಂಗಡಿಯಿಂದ ಹಾಲು ತಂದ ಹಾಗೆ. ವಿಪಿಎನ್ ಹಾಕಿದಾಗ ಆ ಅಂಗಡಿ ಬಿಟ್ಟು ಸುತ್ತಿ ಬರಬೇಕಾಯಿತು, ಅದಕ್ಕೇ ಯೂಟ್ಯೂಬೂ ಸುತ್ತಿತು. ಸ್ಪೀಡ್ ಟೆಸ್ಟ್ ಕೂಡ ಆಪ್ ತಾನಾಗಿ ಆರಿಸಿಕೊಂಡಿದ್ದ ಕೇಬಲ್ ಅಣ್ಣನದೇ ಸರ್ವರಿಗೆ ಹೋಗಿ ಬರುತ್ತಿತ್ತು. ಮಿಕ್ಕಿದ್ದೆಲ್ಲ ಅಣ್ಣ ಮೇಲಿನವರಿಂದ ಕೊಂಡ ಪೈಪಿನಲ್ಲಿ ಬರಬೇಕು, ಆ ಪೈಪು ಸಣ್ಣದು, ಮನೆಗಳು ಜಾಸ್ತಿ. ನಿಯಮದ ಪ್ರಕಾರ ಇದು ತಪ್ಪೇ ಅಲ್ಲ. ಪ್ರತಿ ಇಟ್ಟುಕೊಳ್ಳುವ ಈ ಏರ್ಪಾಡನ್ನು ಟ್ರಾಯ್ 2017ರ ಶಿಫಾರಸಿನಲ್ಲೇ ಈ ನಿಯಮದಿಂದ ಹೊರಗಿಟ್ಟಿತ್ತು. ಅಂದರೆ ನಾನು ಯಾವುದಕ್ಕೆ ಇಮೇಲ್ ಕಳಿಸಿದ್ದೆನೋ ಆ ನಿಯಮ ಇದೆ, ಯಾರೂ ಮುರಿದೂ ಇಲ್ಲ, ನನ್ನ ಕಾಫಿ ಮಾತ್ರ ಆರುತ್ತಲೇ ಇದೆ.

ದೊಡ್ಡ ಕಂಪನಿಯದು ಈ ವಿಷಯದಲ್ಲಿ ಎಷ್ಟೋ ವಾಸಿ. ರಾತ್ರಿ ಒಂಬತ್ತಕ್ಕೂ ಆಫೀಸಿನ ಸರ್ವರ್ ಹಗಲಿನ ಹಾಗೇ ಇತ್ತು. ಅಪ್‌ಲೋಡ್ ಕೂಡ 100. ಅನ್‌ಲಿಮಿಟೆಡ್ ಅಂದರೂ ಕೆಳಗೆ ಸಣ್ಣ ಅಕ್ಷರದಲ್ಲಿ ತಿಂಗಳಿಗೆ 3,300 ಜಿಬಿ ಅಂತಿತ್ತು, ನಾವು ಅದರ ಕಾಲುಭಾಗವನ್ನೂ ಮುಟ್ಟಲಿಲ್ಲ. ಅವರು ಪ್ಲಾನಿನ ಜೊತೆ ಕೆಲವು ಸಿನಿಮಾ ಆಪ್‌ಗಳನ್ನು ಸೇರಿಸಿ ಕೊಡುತ್ತಾರೆ. ಕಾನೂನಿನಲ್ಲಿ ಅಡ್ಡಿಯಿಲ್ಲ, ಯಾಕಂದರೆ ಡೇಟಾ ದರ ಎಲ್ಲದಕ್ಕೂ ಒಂದೇ. ಆದರೂ ಮನೆಯವರೆಲ್ಲ ಆ ಆಪ್‌ಗಳನ್ನೇ ನೋಡಲು ಶುರು ಮಾಡಿದರು, ನಾವೇ ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಒಂದು ಸಣ್ಣ ಆಪನ್ನು ಮೂರು ತಿಂಗಳಲ್ಲಿ ನಿಲ್ಲಿಸಿಬಿಟ್ಟೆವು. ಬಾಗಿಲು ಮುಚ್ಚದೆಯೂ ಜನರನ್ನು ಒಂದು ಕಡೆಗೆ ತಿರುಗಿಸಬಹುದು ಅಂತ ಆಗ ಅನ್ನಿಸಿತು.

ಆದರೆ ಅದು ಕೆಟ್ಟು ನಿಂತಾಗ ಗೊತ್ತಾಗುತ್ತದೆ ಕಷ್ಟ. ಆಗಸ್ಟ್‌ನಲ್ಲಿ ರಸ್ತೆ ಅಗೆದವರು ಫೈಬರ್ ಕತ್ತರಿಸಿದರು. ಆಪ್‌ನಲ್ಲಿ ದೂರು ಕೊಟ್ಟೆ, ಒಂದು ಯಂತ್ರ ನನ್ನ ಜೊತೆ ತುಂಬ ವಿನಯದಿಂದ ಮಾತಾಡಿತು, ನಾಲ್ಕು ಗಂಟೆಯಲ್ಲಿ ಸರಿಹೋಗುತ್ತದೆ ಅಂತ ಮೆಸೇಜು ಬಂತು, ಮಾರನೇ ದಿನವೂ ಅದೇ ನಾಲ್ಕು ಗಂಟೆ, ಹೀಗೇ ನಾಲ್ಕು ದಿನ. ಅದೇ ಗುಂಡಿಯಲ್ಲಿ ಕೇಬಲ್ ಅಣ್ಣನ ತಂತಿಯೂ ತುಂಡಾಗಿತ್ತು. ಅವರು ಅದೇ ರಾತ್ರಿ ಸ್ಕೂಟರಿನಲ್ಲಿ ಮೆಷಿನ್ ತಂದು, ಮಳೆಗೆ ಒಬ್ಬ ಹುಡುಗನ ಕೈಯಲ್ಲಿ ಕೊಡೆ ಹಿಡಿಸಿ, ಹತ್ತೂವರೆಗೆಲ್ಲ ಜೋಡಿಸಿ ಹೋದರು.

5ಜಿ ಡಬ್ಬಿಯ ಬಗ್ಗೆ ಹೇಳುವುದು ಕಡಿಮೆ. ಕರೆಂಟು ಹೋದರೂ ಇನ್ವರ್ಟರ್ ಮೇಲೆ ನಡೆಯುತ್ತದೆ, ಯಾರು ಎಲ್ಲಿ ಅಗೆದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಡಬ್ಬಿಯನ್ನು ಒಂದು ಅಡಿ ಆಚೆ ಸರಿಸಿದರೆ ಬೇರೆಯದೇ ವೇಗ. ಭಾನುವಾರ ಕ್ರಿಕೆಟ್ ಇದ್ದರೆ ಟವರೇ ಸುಸ್ತು. ಮೀಟಿಂಗ್‌ನಲ್ಲಿ ನನ್ನ ಮುಖ ಆಗಾಗ ಕಲ್ಲಾಗುತ್ತಿತ್ತು. ಮೂರು ತಿಂಗಳಿಗೆ ವಾಪಸ್ ಕೊಟ್ಟೆ.

ಹಾಗಾದರೆ ಯಾವುದು ಉಳಿಯಿತು? ಕೇಬಲ್ ಅಣ್ಣನದೇ. ನವೆಂಬರ್ ಹೊತ್ತಿಗೆ ನಮ್ಮ ಬೀದಿಯ ಐದು ಮನೆಯವರು ದೊಡ್ಡ ಕಂಪನಿಗೆ ಹೋಗಿದ್ದರು. ಅಣ್ಣ ಒಂದು ಸಂಜೆ ಬಂದು "ಏನ್ ಸಾರ್, ನೀವೂ ಬಿಡ್ತೀರಂತೆ?" ಅಂದರು. ನಾನು ನೋಟ್‌ಬುಕ್ ತೆಗೆದು ರಾತ್ರಿಯ ಲೆಕ್ಕ ತೋರಿಸಿದೆ. ಈ ಸಲ ಸ್ಪೀಡ್ ಟೆಸ್ಟ್ ತೋರಿಸಲಿಲ್ಲ. ಎರಡೇ ವಾರದಲ್ಲಿ ಮೇಲಿನ ಪೈಪು ದೊಡ್ಡದು ಮಾಡಿಸಿದರು. ಈಗ ಒಂಬತ್ತು ಗಂಟೆಗೂ ಪುಟ್ಟ ತಾಣ ತಟ್ಟನೆ ತೆರೆಯುತ್ತದೆ. ನಾನು ಬರೆಯದ ದೂರಿನಿಂದ ಆಗಿದ್ದಲ್ಲ ಅದು, ಐದು ಮನೆ ಹೋಗಿದ್ದರಿಂದ ಆಗಿದ್ದು.

ಅದಕ್ಕೇ ಪೈಪೋಟಿ ಇದ್ದರೆ ಸಾಕು, ನಿಯಮ ಯಾಕೆ ಅನ್ನುವವರ ಮಾತು ಅರ್ಧ ಸರಿ ಅನ್ನಿಸುತ್ತದೆ. ಉಳಿದರ್ಧಕ್ಕೆ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಗೆ ಬರಬೇಕು. ಅಲ್ಲಿಗೆ ಬರುವುದು ಒಂದೇ ತಂತಿ. ಹಲಸಿನ ಕೊಂಬೆ ಬಿದ್ದರೆ ಅದೂ ಇಲ್ಲ. ನಾಳೆ ಆ ತಂತಿಯವರು ವಾಟ್ಸ್ಆಪ್ ವಿಡಿಯೋ ಕಾಲ್‌ಗೆ ಬೇರೆ ದುಡ್ಡು ಅಂದರೆ ಅಪ್ಪ ಎಲ್ಲಿಗೆ ಹೋಗಬೇಕು? ಅಲ್ಲಿ 2016ರ ಆ ನಿಯಮವೇ ಗತಿ. ಇನ್ನು ಮೊಬೈಲ್ ಲೆಕ್ಕಕ್ಕೆ ಬಂದರೆ, ಮೂರು ಖಾಸಗಿ ಕಂಪನಿ ಇವೆ, ಪೈಪೋಟಿ ಇದೆ ಅನ್ನುತ್ತೇವೆ. 2024ರ ಜುಲೈ ಮೊದಲ ವಾರ ಮೂವರೂ ಒಂದು ದಿನದ ಆಚೀಚೆ ದರ ಏರಿಸಿದರು. ಅಮೆರಿಕದಲ್ಲಿರುವ ನಮ್ಮ ಭಾವನ ಕಥೆ ಇನ್ನೊಂದು. ಅಲ್ಲಿ ನೆಟ್ ನ್ಯೂಟ್ರಾಲಿಟಿ ನಿಯಮ 2015ರಲ್ಲಿ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಹೊಡೆದುಹಾಕಿತು. ಅವರ ಬೀದಿಗೆ ಇರುವುದೂ ಒಂದೇ ಕೇಬಲ್ ಕಂಪನಿ, ನಮ್ಮ ಅಪ್ಪನ ಹಾಗೆ.

ದೊಡ್ಡ ಕಂಪನಿಯದನ್ನು ಫೆಬ್ರವರಿಯಲ್ಲಿ ನಿಲ್ಲಿಸಿದೆ. ರೂಟರ್ ತೆಗೆದುಕೊಂಡು ಹೋಗಲು ಬಂದ ಹುಡುಗ ತಂತಿ ಮಾತ್ರ ಬಿಟ್ಟುಹೋದ. ಅದಿನ್ನೂ ಕಂಬದಿಂದ ನಮ್ಮ ಬಾಲ್ಕನಿವರೆಗೆ ನೇತಾಡುತ್ತಿದೆ. "ಬಿಚ್ಚಿ ಹಾಕ್ಲಾ ಸಾರ್, ಸುಮ್ನೆ ಅಡ್ಡ" ಅಂತ ಕೇಬಲ್ ಅಣ್ಣ ಎರಡು ಸಲ ಕೇಳಿದರು. ಇರಲಿ ಬಿಡಿ ಅಣ್ಣ ಅಂದೆ.