ಅವ್ವನ ಗುಳಿಗೆ ಎಲ್ಲಿಂದ ತರೋದು? ಮೂರು ಕಡೆ ತಂದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅವ್ವನ ಬಿಪಿ, ಶುಗರ್ ಗುಳಿಗೆಯನ್ನು ಈಗ ನಾನು ಜನೌಷಧಿ ಕೇಂದ್ರದಿಂದಲೇ ತರುತ್ತೇನೆ. ಕಂಪನಿಯ ಬ್ರ್ಯಾಂಡ್ ಹೆಸರಿಲ್ಲದೆ, ಔಷಧದ ಹೆಸರಲ್ಲೇ ಅಗ್ಗಕ್ಕೆ ಗುಳಿಗೆ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಅಂಗಡಿ ಅದು. ಹನ್ನೊಂದು ತಿಂಗಳಾಯಿತು. ಅದಕ್ಕೂ ಮುಂಚೆ ಎರಡು ವರ್ಷ ಮನೆ ಹತ್ತಿರದ ಮೆಡಿಕಲ್‌ನಿಂದ ತಂದೆ. ನಡುವೆ ಮೂರು ತಿಂಗಳು ಸರ್ಕಾರಿ ದವಾಖಾನೆಗೂ ಓಡಾಡಿದೆ. ಮೂರರಲ್ಲಿ ನನಗೆ ಹೊಂದಿದ್ದು ಜನೌಷಧಿ. ಆದರೆ ಅಲ್ಲಿಗೆ ಬದಲಾದ ಮೊದಲ ವಾರದಲ್ಲೇ ಅವ್ವ ಬಚ್ಚಲಮನೆ ಬಾಗಿಲಲ್ಲಿ ಬಿದ್ದಳು. ಅದನ್ನು ಬಿಟ್ಟು ಬರೀ ರೇಟು ಬರೆದರೆ ಓದಿದವರಿಗೆ ಮೋಸ ಮಾಡಿದಂತೆ.

ಅವ್ವ ಗುಳೇದಗುಡ್ಡದಾಕೆ. ನಲವತ್ತು ವರ್ಷ ಖಣ ನೇಯುವ ಮನೆಯಲ್ಲಿ ಕಂಡಿಕೆ ಸುತ್ತಿದಳು. ಅಪ್ಪ ತೀರಿಹೋದ ಮೇಲೆ ಬಾಗಲಕೋಟೆ ನವನಗರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ವಯಸ್ಸು 67. ದಿನಕ್ಕೆ ನಾಲ್ಕು ಗುಳಿಗೆ. ಶುಗರ್‌ಗೆ ಸಿಟಾಗ್ಲಿಪ್ಟಿನ್, ಮೆಟ್‌ಫಾರ್ಮಿನ್ ಎರಡೂ ಕೂಡಿದ್ದು ಎರಡು ಹೊತ್ತು. ಬಿಪಿಗೆ ಟೆಲ್ಮಿಸಾರ್ಟನ್, ಅಮ್ಲೋಡಿಪಿನ್ ಕೂಡಿದ್ದು ಮುಂಜಾನೆ ಒಂದು. ರಾತ್ರಿ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್. ನಾನು ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕ ಬರೆಯುವವಳು. ತಿಂಗಳ ಕೊನೆಯಲ್ಲಿ ಐನೂರು ರೂಪಾಯಿಯೂ ನಮಗೆ ಲೆಕ್ಕಕ್ಕೆ ಬರುತ್ತದೆ.

ಮೆಡಿಕಲ್‌ನಲ್ಲಿ ಇದಕ್ಕೆಲ್ಲ ತಿಂಗಳಿಗೆ ₹1,230 ಆಗುತ್ತಿತ್ತು. ಜನೌಷಧಿಯಲ್ಲಿ ಅದೇ ಔಷಧ, ಅದೇ ಪ್ರಮಾಣ, ₹475ರ ಆಸುಪಾಸು. ವರ್ಷಕ್ಕೆ ಒಂಬತ್ತು ಸಾವಿರದಷ್ಟು ಉಳಿಯುತ್ತದೆ. ಮಗನ ಒಂದು ವರ್ಷದ ಟ್ಯೂಷನ್ ಫೀ ಅದು.

ಮೆಡಿಕಲ್‌ನ ಒಳ್ಳೆಯದನ್ನು ಹೇಳಲೇಬೇಕು. ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಚೀಟಿ ಇಲ್ಲದಿದ್ದರೂ ಮುಖ ನೋಡಿ ಕೊಡುತ್ತಾರೆ (ಹಾಗೆ ಕೊಡಬಾರದು, ಅದು ಬೇರೆ ಮಾತು). ಸಾಲವೂ ಉಂಟು. ತೊಂದರೆ ಅಂಗಡಿಯವನದ್ದಲ್ಲ, ರೇಟು ಕಟ್ಟುವ ರೀತಿಯದ್ದು. ನಾನು ಬಹಳ ದಿನ ಸರ್ಕಾರ ಔಷಧದ ಬೆಲೆಗೆ ಕಡಿವಾಣ ಹಾಕಿದೆ, ಹಾಗಾಗಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ರೇಟು ಅಂದುಕೊಂಡಿದ್ದೆ. ಕಡಿವಾಣ ಇರುವುದು ನಿಜ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದವಕ್ಕೆ ಗರಿಷ್ಠ ಬೆಲೆ ಗೊತ್ತು ಮಾಡುತ್ತಾರೆ. ಆದರೆ ಅದನ್ನು ತಯಾರಿಸುವ ಖರ್ಚು ನೋಡಿ ಕಟ್ಟುವುದಿಲ್ಲ. ಮಾರಾಟದಲ್ಲಿ ಕನಿಷ್ಠ 1% ಪಾಲಿರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವರ 16% ಸೇರಿಸುತ್ತಾರೆ. ದುಬಾರಿ ಬ್ರ್ಯಾಂಡ್‌ಗಳೇ ತುಂಬಿದ ಕಡೆ ಸರಾಸರಿಯೂ ದುಬಾರಿಯೇ ಅಲ್ವಾ? ಪಟ್ಟಿಯ ಹೊರಗಿನ ಔಷಧಕ್ಕಂತೂ ಕಂಪನಿ ವರ್ಷಕ್ಕೆ 10% ತನಕ ಏರಿಸಬಹುದು.

ಅವ್ವನ ಶುಗರ್ ಗುಳಿಗೆ ಇನ್ನೊಂದು ಉದಾಹರಣೆ. 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಕ್ಕೇ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. 2005ರಿಂದ ಔಷಧಕ್ಕೂ ಬಂತು. ಸಿಟಾಗ್ಲಿಪ್ಟಿನ್ ಹಾಗೆ ಪೇಟೆಂಟ್‌ನೊಳಗಿತ್ತು. 2022ರ ಜುಲೈನಲ್ಲಿ ಅವಧಿ ಮುಗಿಯಿತು. ಸೆಪ್ಟೆಂಬರ್‌ನಲ್ಲೇ ಜನೌಷಧಿಯವರು ಮೆಟ್‌ಫಾರ್ಮಿನ್ 500 ಜೊತೆ ಕೂಡಿದ್ದನ್ನು ಹತ್ತು ಗುಳಿಗೆಗೆ ₹65ರಂತೆ ತಂದರು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಎರಡು ವರ್ಷ ಹೆಚ್ಚು ದುಡ್ಡು ಕೊಟ್ಟೆ.

ಸರ್ಕಾರಿ ದವಾಖಾನೆಯಲ್ಲಿ ಎಲ್ಲಾ ಪುಕ್ಕಟೆ. ಶುಗರ್ ಪರೀಕ್ಷೆಯೂ ಪುಕ್ಕಟೆ. ಅಲ್ಲಿನ ನರ್ಸಮ್ಮ ಅವ್ವನ ಪಾದ ಮುಟ್ಟಿ, ಹಿಮ್ಮಡಿಯ ಬಿರುಕು ನೋಡಿ, ಬರಿಗಾಲಲ್ಲಿ ಓಡಾಡಬೇಡಿ ಅಂತ ಕೂರಿಸಿ ಹೇಳಿದರು. ಎರಡು ವರ್ಷ ಫೀಸು ಕೊಟ್ಟ ಕಡೆ ಯಾರೂ ಪಾದ ನೋಡಿರಲಿಲ್ಲ. ಆದರೆ ಮೂರು ತಿಂಗಳಲ್ಲಿ ಒಮ್ಮೆಯೂ ಬರೆದ ಗುಳಿಗೆಯೆಲ್ಲ ಒಟ್ಟಿಗೆ ಸಿಗಲಿಲ್ಲ. ಮೆಟ್‌ಫಾರ್ಮಿನ್ ಇತ್ತು, ಸಿಟಾಗ್ಲಿಪ್ಟಿನ್ ಇರಲಿಲ್ಲ. ಒಮ್ಮೆ ಹದಿನೈದೇ ದಿನದ್ದು ಕೊಟ್ಟರು. ಹೋದಾಗಲೆಲ್ಲ ನನಗೆ ಅರ್ಧ ದಿನದ ಪಗಾರ ಕಟ್. ಇಲ್ಲದ ಗುಳಿಗೆ ಹೊರಗಿನ ಮೆಡಿಕಲ್‌ನಲ್ಲೇ ಕೊಂಡೆ. ಕೂಡಿಸಿ ನೋಡಿದರೆ ಪುಕ್ಕಟೆಯದು ಜನೌಷಧಿಗಿಂತ ತುಟ್ಟಿಯಾಯಿತು.

ಇಲ್ಲೇ ಒಂದು ಮಾತು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತನ್ನ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೇಳಿತು. ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ ಕೊಡುವಾಗ ಅಲ್ಲೇ ಮಾರುವುದು ಏಕೆ ಅನ್ನುವುದು ಕಾರಣ. ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಕಾರಣ ಕೇಳಲಿಕ್ಕೆ ಸರಿಯಾಗಿದೆ. ಒಳಗೆ ಎಲ್ಲಾ ಗುಳಿಗೆ ದಿನಾ ಸಿಗುವಂತಾದರೆ ನಾನೇ ಮೊದಲು ಒಪ್ಪುತ್ತೇನೆ. ಸಿಗದ ದಿನ ಏನು? ನನ್ನಂಥವಳು ಗೇಟು ದಾಟಿ ಎದುರಿನ ಅಂಗಡಿಗೆ ಹೋಗಿ ಎರಡೂವರೆ ಪಟ್ಟು ಕೊಡುತ್ತಾಳೆ. ಒಳಗೆ ಪುಕ್ಕಟೆಯದೂ ಇರಲಿ, ಪಕ್ಕದಲ್ಲೇ ಅಗ್ಗದ್ದೂ ಇರಲಿ. ಎರಡಕ್ಕೆ ಜಗಳ ಹಚ್ಚಬಾರದು.

ಇನ್ನು ಜನೌಷಧಿ. ದೊಡ್ಡ ಕಿರಿಕಿರಿ ಎದುರಾದದ್ದು ಇಲ್ಲೇ, ಮತ್ತು ಅದೆಲ್ಲಾ ಹೆಸರಿನದು.

ಮೊದಲ ದಿನ ಚೀಟಿ ಹಿಡಿದು ಹೋದೆ. ಕೇಂದ್ರದ ಹುಡುಗ ಓದಿ ವಾಪಸ್ ಕೊಟ್ಟ. "ಅಕ್ಕಾರ, ಇದರಾಗ ಬರೇ ಕಂಪನಿ ಹೆಸರ ಅದಾವು. ಡಾಕ್ಟರ್ ಕಡೆ ಔಷಧದ ಹೆಸರ ಬರಸ್ಕೊಂಡ ಬರ್ರಿ." ಅದೇ ಔಷಧ ಅಂತ ನಿನಗೆ ಗೊತ್ತಲ್ಲ, ಕೊಡಪ್ಪ ಅಂದೆ. ಗೊತ್ತು, ಆದರೆ ಬದಲಿ ಕೊಡಲಿಕ್ಕೆ ಬರುವುದಿಲ್ಲ ಅಂದ. ನನಗೆ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಹುಡುಗ ನಿಯಮ ಹೇಳಿದ್ದ. 1945ರ ಔಷಧ ನಿಯಮಗಳಲ್ಲಿ 65(11ಎ) ಅಂತ ಒಂದಿದೆ. ವೈದ್ಯರ ಚೀಟಿ ಬೇಕಾದ ಔಷಧಕ್ಕೆ ಅಂಗಡಿಯವರು ಬದಲಿ ಕೊಡುವಂತಿಲ್ಲ, ಒಳಗಿರುವ ಔಷಧ ಒಂದೇ ಆಗಿದ್ದರೂ. ಅಂದರೆ ಡಾಕ್ಟರು ಯಾವ ಹೆಸರು ಬರೆಯುತ್ತಾರೋ ಅಲ್ಲೇ ನಮ್ಮ ಖರ್ಚು ತೀರ್ಮಾನವಾಗುತ್ತದೆ. ರೇಟು ಕೇಳುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಹಾಗಾದರೆ ಡಾಕ್ಟರು ಔಷಧದ ಹೆಸರನ್ನೇ ಬರೆಯಬೇಕು ಅಂತ ಇಲ್ಲವೇ? ಇದೆ. ವೈದ್ಯರ ನಡವಳಿಕೆಯ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ತಂದು, ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಿರಿ ಅಂದರು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿ ಮಾಡಿತು. ವೈದ್ಯರು ವಿರೋಧ ಮಾಡಿದರು. ಅದೇ ತಿಂಗಳು 23ಕ್ಕೆ ಆಯೋಗ ಆ ಹೊಸ ನಿಯಮವನ್ನು ತಡೆಹಿಡಿಯಿತು. ಅಂಗಡಿಯವನ ಕೈ ಕಟ್ಟುವ ನಿಯಮ ನಿಂತೇ ಇದೆ. ಡಾಕ್ಟರ ಪೆನ್ನಿಗೆ ಸಂಬಂಧಿಸಿದ್ದು ಮಾತ್ರ ಸಡಿಲ. ಈ ಎರಡರ ನಡುವೆ ಸಿಕ್ಕಿಬಿದ್ದವಳು ನನ್ನವ್ವ.

ನಾನು ಡಾಕ್ಟರ ಹತ್ತಿರ ವಾಪಸ್ ಹೋದೆ. ಅವರು ಕೆಟ್ಟವರಲ್ಲ. "ಅಗ್ಗದ್ದರ ಗುಣಮಟ್ಟಕ್ಕೆ ಯಾರ ಜವಾಬ್ದಾರಿ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಜನೌಷಧಿಗೆ ಬರುವ ಪ್ರತಿ ಬ್ಯಾಚ್ ಅನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುತ್ತಾರೆ ಅಂತ ಓದಿದ್ದೆ, ಹೇಳಿದೆ. ಮೂರು ತಿಂಗಳು ಕೊಟ್ಟು ನೋಡೋಣ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ನೀವೇ ಹೇಳಿ ಅಂದೆ. ಒಪ್ಪಿ, ದೊಡ್ಡಕ್ಷರದಲ್ಲಿ ಬರೆದುಕೊಟ್ಟರು. ಮುಂಚೆ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ ಪರೀಕ್ಷೆ) 7.8% ಇತ್ತು. ಬದಲಾಯಿಸಿದ ಮೇಲೆ 7.6%. ಈಗ ಅವರು ಕೇಳುವ ಮುಂಚೆಯೇ ಹಾಗೆ ಬರೆಯುತ್ತಾರೆ.

ಆದರೆ ಆ ಮೂರು ತಿಂಗಳ ಮೊದಲ ವಾರದಲ್ಲೇ ಅವ್ವ ಬಿದ್ದದ್ದು.

ಮನೆಯಲ್ಲಿ ಹಳೆಯ ಬಿಪಿ ಗುಳಿಗೆಯ ಒಂದು ಸ್ಟ್ರಿಪ್ ಉಳಿದಿತ್ತು. ನೀಲಿ ಬಣ್ಣದ್ದು. ಹೊಸದು ಬಿಳಿ. ಅವ್ವ ಎರಡನ್ನೂ ಬೇರೆ ಬೇರೆ ಔಷಧ ಅಂದುಕೊಂಡಳು. ಹಳೆಯದು ಮುಗಿಯುವ ತನಕ ಅದೂ ಇರಲಿ, ಹೊಸದೂ ಇರಲಿ ಅಂತ ಐದು ದಿನ ಮುಂಜಾನೆ ಎರಡೆರಡು ನುಂಗಿದಳು. ಆರನೆಯ ದಿನ ಸ್ನಾನ ಮಾಡಿ ಹೊರಗೆ ಕಾಲಿಡುವಾಗ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಬಿದ್ದಳು. ಬಲಗೈ ಮಣಿಕಟ್ಟು ಬಾತಿತು. ಮೂಳೆ ಮುರಿಯಲಿಲ್ಲ. ಬಿಪಿ 90/60 ಇತ್ತು. ಡಾಕ್ಟರು ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ತೋರಿಸಿದಾಗ ನನ್ನ ಕೈ ನಡುಗಿತು. ಎರಡರಲ್ಲೂ ಇದ್ದದ್ದು ಅದೇ ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5.

ಮನೆಗೆ ಬಂದು ಆ ನೀಲಿ ಸ್ಟ್ರಿಪ್ ಅನ್ನು ಬೆಳಕಿಗೆ ಹಿಡಿದು ನೋಡಿದೆ. 2018ರ ಸೆಪ್ಟೆಂಬರ್‌ನಿಂದ ಒಂದು ನಿಯಮ ಇದೆ. ಔಷಧದ ಮೂಲ ಹೆಸರು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಫಾಂಟ್ ಸೈಜ್ ದೊಡ್ಡದಾಗಿರಬೇಕು. ದೊಡ್ಡದೇನೋ ಇತ್ತು. ಆದರೆ ಮೂಲ ಹೆಸರು ತೆಳ್ಳಗಿನ ಬೂದು ಅಕ್ಷರ. ಬ್ರ್ಯಾಂಡ್ ದಪ್ಪಗೆ, ಕೆಂಪಗೆ. ಕಣ್ಣು ಹೋಗುವುದು ಕೆಂಪಿನ ಕಡೆಗೇ. ಜನೌಷಧಿಯ ಬಿಳಿ ಸ್ಟ್ರಿಪ್ ಮೇಲೆ ಇಂಗ್ಲಿಷ್, ಹಿಂದಿ ಇತ್ತು. ಅವ್ವ ನಾಲ್ಕನೇ ಇಯತ್ತೆ ಓದಿದವಳು. ಕನ್ನಡ ಪೇಪರ್ ದಿನಾ ಓದುತ್ತಾಳೆ. ಎರಡು ಸ್ಟ್ರಿಪ್‌ನಲ್ಲಿ ಎಲ್ಲೂ ಒಂದು ಕನ್ನಡ ಅಕ್ಷರ ಇರಲಿಲ್ಲ. ಬಿಸ್ಕತ್ತಿನ ಜಾಹೀರಾತು ಕನ್ನಡದಲ್ಲಿ ಬರುತ್ತದೆ. ನುಂಗುವ ಔಷಧದ ಹೆಸರು ಬರುವುದಿಲ್ಲ. ಇದು ಬದಲಾಗಲೇಬೇಕು. ಅಗ್ಗದ ಔಷಧ ಕೊಡುವುದರ ಜೊತೆಗೆ ಅದರ ಹೆಸರನ್ನು ಓದಲು ಬರುವ ಹಾಗೆ ಕೊಡುವುದೂ ಸರ್ಕಾರದ ಕೆಲಸ.

ಈಗ ನಾವು ಮಾಡುವುದು ಇಷ್ಟು. ಗುಳಿಗೆ ತಂದ ದಿನ ಅವ್ವನೇ ಕೂತು ಪ್ರತಿ ಸ್ಟ್ರಿಪ್‌ಗೆ ಬಿಳಿ ಟೇಪು ಅಂಟಿಸಿ ಬರೆಯುತ್ತಾಳೆ. "ಬಿಪಿ, ಮುಂಜಾನೆ." "ಶುಗರ್, ಊಟದ ಜೊತಿ." ಅವಧಿ ಮುಗಿಯುವ ತಾರೀಕಿನ ಮೇಲೆ ಟೇಪು ಬೀಳಬಾರದು, ಅದನ್ನು ನಾನು ನೋಡುತ್ತೇನೆ. ಹಳೆಯದು ಪೂರ್ತಿ ಮುಗಿಯದೆ ಹೊಸದು ಡಬ್ಬಿಯಿಂದ ಹೊರಗೆ ಬರುವುದಿಲ್ಲ.

ಜನೌಷಧಿಯ ಇನ್ನೊಂದು ಕೊರತೆ ಸ್ಟಾಕು. ಹನ್ನೊಂದು ತಿಂಗಳಲ್ಲಿ ಮೂರು ಸಲ ಒಂದಲ್ಲ ಒಂದು ಗುಳಿಗೆ ಇರಲಿಲ್ಲ. ಅದಕ್ಕೇ ಮುಗಿಯುವ ಒಂದು ವಾರ ಮುಂಚೆ ಹೋಗುತ್ತೇನೆ. ಅವರದೇ 'ಜನೌಷಧಿ ಸುಗಮ್' ಅನ್ನುವ ಆ್ಯಪ್ ಇದೆ. ರೇಟು ನೋಡಲು ಸಾಕು.

ಯಾರಿಗೆ ಯಾವುದು? ಮನೆಯಲ್ಲಿ ಬಿಡುವಿದ್ದವರು ಇದ್ದರೆ, ಬರೆದ ಗುಳಿಗೆಯೆಲ್ಲ ಅಲ್ಲಿ ಸಿಗುವುದಾದರೆ, ಸರ್ಕಾರಿ ದವಾಖಾನೆಯನ್ನು ಬಿಡಬೇಡಿ. ನಾನೂ ಪಾದ ತೋರಿಸಲು ಅವ್ವನನ್ನು ಆಗಾಗ ಅಲ್ಲಿಗೇ ಕರೆದೊಯ್ಯುತ್ತೇನೆ. ಜ್ವರ, ವಾಂತಿ ಅಂತ ರಾತ್ರಿ ಹೊತ್ತು ಬೇಕಾದದ್ದಕ್ಕೆ ಮೆಡಿಕಲ್ಲೇ ಗತಿ. ಪ್ರತಿ ತಿಂಗಳು ತಪ್ಪದೆ ಬೇಕಾಗುವ ಗುಳಿಗೆಗೆ, ನನ್ನ ಪಗಾರದಲ್ಲಿ, ನನಗಿರುವ ಹೊತ್ತಿನಲ್ಲಿ ಜನೌಷಧಿಯೇ ಸರಿ. ಚೀಟಿಯಲ್ಲಿ ಔಷಧದ ಹೆಸರು ಬರೆಸಿಕೊಳ್ಳದೆ ಮಾತ್ರ ಡಾಕ್ಟರ ಕೋಣೆಯಿಂದ ಏಳಬೇಡಿ.

ಹೋದ ತಿಂಗಳು ಅಟೊರ್ವಾಸ್ಟಾಟಿನ್ ಸಿಗಲಿಲ್ಲ. ಹತ್ತು ಗುಳಿಗೆ ಮೆಡಿಕಲ್‌ನಲ್ಲಿ ಕೊಂಡು ತಂದೆ. ಸ್ಟ್ರಿಪ್ ಬಣ್ಣ ಬೇರೆ ಇತ್ತು. ಅವ್ವ ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿ, ಟೇಪು ಹುಡುಕುತ್ತಾ ಕೇಳಿದಳು. "ಇದು ರಾತ್ರೀದ ಹೌದಲ್ಲ? ಹಳೇದು ಇನ್ನ ಎಷ್ಟ ಉಳದಾವ, ಮೊದಲ ಅದನ್ನ ಎಣಸು."