ಎಂಟಡಿಯ ಕ್ಯಾಂಪರ್, ಆರೂವರೆ ಅಡಿಯ ಪಿಕಪ್: ನಾಲ್ಕು ಸಾಗಣೆಗಳ ಹೋಲಿಕೆ

ಕೊಲೊರಾಡೊ ರಾಜ್ಯದ ಪಶ್ಚಿಮ ಭಾಗದ ಪ್ಯಾಲಿಸೇಡ್ ಎಂಬ ಪೀಚ್ ತೋಟಗಳ ಊರಿನಲ್ಲಿ ಹಳೆಯ ಟ್ರಕ್ ಕ್ಯಾಂಪರೊಂದನ್ನು ಕೊಂಡಾಗ ನನ್ನ ಬಳಿ ಇದ್ದುದು ಆರೂವರೆ ಅಡಿ ಬೆಡ್‌ನ (ಬೆಡ್ ಎಂದರೆ ಕ್ಯಾಬಿನ್ನಿನ ಹಿಂದಿನ, ಸರಕು ಹೇರುವ ತೆರೆದ ಭಾಗ), ಮುಕ್ಕಾಲು ಟನ್ ವರ್ಗದ ಪಿಕಪ್; ಈ ಟನ್ ಲೆಕ್ಕ ವರ್ಗದ ಹೆಸರಷ್ಟೇ, ನಿಜವಾಗಿ ಹೊರುವ ಮಿತಿಯಲ್ಲ. ಕ್ಯಾಂಪರನ್ನು ಕಟ್ಟಿದ್ದು ಎಂಟು ಅಡಿ ಬೆಡ್‌ಗಾಗಿ. ನನ್ನ ಮನೆ ಇರುವುದು ರಾಕಿ ಪರ್ವತಗಳ ಆಚೆ, ಸುಮಾರು 250 ಮೈಲಿ ದೂರದ ಲಾಂಗ್‌ಮಾಂಟ್‌ನಲ್ಲಿ. ದಾರಿಯಲ್ಲಿ 10,662 ಅಡಿ ಎತ್ತರದ ವೇಲ್ ಕಣಿವೆದಾರಿಯನ್ನೂ 11,158 ಅಡಿಯವರೆಗೆ ಏರುವ ಐಸೆನ್‌ಹೋವರ್ ಸುರಂಗವನ್ನೂ ದಾಟಿ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಈ ಒಂದು ಕ್ಯಾಂಪರನ್ನು ಒಂದು ವರ್ಷದೊಳಗೆ ನಾಲ್ಕು ರೀತಿಯಲ್ಲಿ ಸಾಗಿಸಿ ನೋಡಿದ್ದೇನೆ; ಪ್ರತಿ ಸಲವೂ ಟ್ರಕ್ ನಿಲ್ದಾಣದ ವೇ ಬ್ರಿಡ್ಜ್‌ನಲ್ಲಿ ತೂಗಿಸಿದ್ದೇನೆ.

ಟ್ರಕ್ ಕ್ಯಾಂಪರ್ ಎಂದರೆ ಪಿಕಪ್ಪಿನ ಬೆಡ್ ಮೇಲೆ ಕೂರುವ, ಬೇಕಾದಾಗ ಇಳಿಸಿಡಬಹುದಾದ ಪೆಟ್ಟಿಗೆಮನೆ. ಅದರ ಮಲಗುವ ಅಟ್ಟ ಕ್ಯಾಬಿನ್ನಿನ ಚಾವಣಿಯ ಮೇಲಕ್ಕೆ ಚಾಚಿರುತ್ತದೆ. ನಾಲ್ಕು ಮೂಲೆಗಳ ಜ್ಯಾಕ್‌ಗಳ ಮೇಲೆ ಅದನ್ನು ಎತ್ತಿ ನಿಲ್ಲಿಸಿ, ಪಿಕಪ್ಪನ್ನು ಹಿಮ್ಮುಖವಾಗಿ ಅಡಿಗೆ ತಂದು, ಜ್ಯಾಕ್ ಇಳಿಸಿದರೆ ಹೇರಿದಂತಾಯಿತು. ತಯಾರಕರು ಅದರ ಪಕ್ಕದಲ್ಲಿ ಗುರುತ್ವಕೇಂದ್ರವನ್ನು ತೋರಿಸುವ ಗುರುತು ಅಂಟಿಸಿರುತ್ತಾರೆ. ಆ ಗುರುತು ಪಿಕಪ್ಪಿನ ಹಿಂದಿನ ಅಚ್ಚಿಗಿಂತ ಮುಂದೆ ಬೀಳಬೇಕು. ಊರಿನಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಪಿಕಪ್ಪಿನಲ್ಲಿ ಆ ಎತ್ತುಗಳ ಜಾಗದಲ್ಲಿರುವುದು ಸ್ಟೀರಿಂಗ್ ತಿರುಗಿಸುವ, ಬ್ರೇಕಿನ ದೊಡ್ಡ ಪಾಲನ್ನು ಹೊರುವ ಮುಂದಿನ ಚಕ್ರಗಳು.

ಖಾಲಿ ಪಿಕಪ್, ತುಂಬಿದ ಟ್ಯಾಂಕ್ ಮತ್ತು ನಾನು ಸೇರಿ ಮುಂದಿನ ಅಚ್ಚಿನ ಮೇಲೆ 3,900 ಪೌಂಡ್, ಹಿಂದಿನದರ ಮೇಲೆ 2,740 ಪೌಂಡ್ ಇತ್ತು. ನೀರು ಬಸಿದ ಕ್ಯಾಂಪರಿನ ತೂಕ 2,240 ಪೌಂಡ್, ಅಂದರೆ ಒಂದು ಟನ್ನಿಗೆ ತುಸು ಹೆಚ್ಚು. ನನ್ನ ಪಿಕಪ್ಪಿನ ಬಾಗಿಲ ಚೌಕಟ್ಟಿನ ಚೀಟಿ 3,000 ಪೌಂಡ್ ಹೊರಬಹುದೆಂದು ಹೇಳುತ್ತಿದ್ದುದರಿಂದ ಭಾರದ ವಿಷಯದಲ್ಲಿ ನಾನು ನಿಶ್ಚಿಂತನಾಗಿದ್ದೆ. ಆ ನಿಶ್ಚಿಂತೆಯೇ ನನ್ನ ಮೊದಲ ತಪ್ಪು.

ಮೊದಲ ಪ್ರಯೋಗ ಅತ್ಯಂತ ಸರಳವಾದದ್ದು: ಬೆಡ್‌ನ ಹಿಂಬಾಗಿಲನ್ನು (ಟೇಲ್‌ಗೇಟ್) ಬಿಚ್ಚಿ, ಕ್ಯಾಂಪರನ್ನು ಬೆಡ್‌ನೊಳಗೆ ಇಳಿಸಿ, ಬೆಡ್ ಅಂಚಿನ ಗೂಡುಗಳಿಗೆ ಹಲ್ಲುಚಕ್ರದ ಹಿಡಿಯಿಂದ ಬಿಗಿಯುವ ನಾಲ್ಕು ರ್ಯಾಚೆಟ್ ಪಟ್ಟಿಗಳನ್ನು ಸಿಕ್ಕಿಸಿ ಬಿಗಿದೆ. ಹಳೆಯ ಕ್ಯಾಂಪರಿನ ಅಟ್ಟ ಈಗಿನ ಎತ್ತರದ ಕ್ಯಾಬಿನ್ನಿಗೆ ಹೊಂದುವಂಥದಲ್ಲ. ಅದರ ಮೂತಿ ಚಾವಣಿಯ ಮುಂಭಾಗದ ಹಳದಿ ದೀಪಗಳಿಗೆ ತಾಗಿದ್ದರಿಂದ, ಕ್ಯಾಂಪರಿಗೂ ಬೆಡ್‌ನ ಮುಂಗೋಡೆಗೂ ನಡುವೆ 12 ಅಂಗುಲ ತೆರಪು ಉಳಿಯಿತು. 97 ಅಂಗುಲದ ತಳ 79 ಅಂಗುಲದ ಬೆಡ್‌ನಿಂದ 30 ಅಂಗುಲ ಹಿಂದಕ್ಕೆ ಚಾಚಿತು. ವೇ ಬ್ರಿಡ್ಜ್ ಚೀಟಿಯಲ್ಲಿ ಬಂದದ್ದು ಮುಂದೆ 3,680, ಹಿಂದೆ 5,200. ಒಂದು ಟನ್ ಹೇರಿದ ಮೇಲೆ ಮುಂದಿನ ಚಕ್ರಗಳ ಭಾರ 220 ಪೌಂಡ್ ಇಳಿದಿತ್ತು. ಹಿಂದಿನ ಅಚ್ಚು ತನ್ನ ಮಿತಿಯೊಳಗೇ ಇತ್ತು, ಒಟ್ಟು ತೂಕವೂ ಮಿತಿಯೊಳಗಿತ್ತು. ಆದರೂ ಹೆದ್ದಾರಿಯ ಪ್ರತಿ ಕೀಲಿನಲ್ಲೂ ಪಿಕಪ್ಪಿನ ಮೂತಿ ಏರಿಳಿಯುತ್ತಿತ್ತು, ಸ್ಟೀರಿಂಗ್ ಹಿಡಿತವಿಲ್ಲದಂತೆ ಹಗುರವಾಗಿತ್ತು. ಒಂಬತ್ತು ಮೈಲಿಯಲ್ಲಿ ಪಟ್ಟಿಗಳು ಸಡಿಲಗೊಂಡವು, ಒಂದು ಗೂಡಿನ ತಗಡಂಚು ಬಾಗಿತು. ಮಾರಿದವರ ಅಂಗಳಕ್ಕೇ ಮರಳಿ ಇಳಿಸಿ ಬಂದೆ.

ಎರಡನೆಯ ಸಲಕ್ಕೆ ಎರಡು ಸಿದ್ಧತೆ ಮಾಡಿಕೊಂಡೆ. 3.5 ಅಂಗುಲದ ಮರದ ರೀಪುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲೆ 0.75 ಅಂಗುಲದ ಪ್ಲೈವುಡ್ ಹೊಡೆದು, ಬೆಡ್ ತಳಕ್ಕೊಂದು ಜಗಲಿ ಕಟ್ಟಿದೆ. ಅದರ ಕೆಳಗೂ ಮೇಲೂ ರಬ್ಬರ್ ಚಾಪೆ ಹಾಸಿದೆ. ಇದರಿಂದ ಅಟ್ಟ ದೀಪಗಳನ್ನು ದಾಟಿ, ಕ್ಯಾಂಪರ್ ಮುಂಗೋಡೆಗೆ ತಾಗುವವರೆಗೂ ಸರಿಯಿತು. ಇನ್ನೊಂದು, ಪಟ್ಟಿಗಳ ಬದಲು ನೇರವಾಗಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಮಾಡುವ ಕೊಂಡಿಗಳು ಮತ್ತು ತಿರುಗಿಸಿ ಬಿಗಿಯುವ, ಸ್ಪ್ರಿಂಗ್ ಇರುವ ಟರ್ನ್‌ಬಕಲ್‌ಗಳು. ಬೆಡ್‌ನ ತಗಡು ಎಳೆತವನ್ನು ತಡೆಯುವುದಕ್ಕೆ ಮಾಡಿದ್ದಲ್ಲ, ಚಾಸಿ ತಡೆಯಬಲ್ಲದು. ಈ ಖರ್ಚಿನಲ್ಲಿ ಚೌಕಾಸಿ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾಲಿಸೇಡ್‌ನಿಂದ ಫ್ರೂಟಾದ ಪರಿಚಿತರ ಹೊಲದವರೆಗೆ ಒಳರಸ್ತೆಗಳಲ್ಲಿ, ಗಂಟೆಗೆ 45 ಮೈಲಿ ಮೀರದಂತೆ, ಇಪ್ಪತ್ತೈದು ಮೈಲಿಯಷ್ಟು ಓಡಿಸಿದೆ. ಕ್ಯಾಂಪರ್ ಕೂದಲೆಳೆಯಷ್ಟೂ ಅಲುಗಲಿಲ್ಲ. ನೂರು ಪೌಂಡಿನ ಜಗಲಿಯೂ ಸೇರಿ ತೂಕ ಮುಂದೆ 3,840, ಹಿಂದೆ 5,140 ಬಂತು.

ಹಾಗಿದ್ದರೆ ಅಲ್ಲಿಂದಲೇ ಮನೆಗೆ ಹೊರಡಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ನಾನು ಹೊರಡಲಿಲ್ಲ, ಏಕೆಂದರೆ ಮುಂದಿನ ಅಚ್ಚು ಆಗಲೂ ಖಾಲಿ ಪಿಕಪ್ಪಿಗಿಂತ 60 ಪೌಂಡ್ ಹಗುರವಾಗಿತ್ತು. ಕ್ಯಾಂಪರಿನ ಗುರುತು ಅದರ ಮುಂಬದಿಯಿಂದ 47 ಅಂಗುಲ ಹಿಂದಿದೆ. ನನ್ನ ಪಿಕಪ್ಪಿನಲ್ಲಿ ಮುಂಗೋಡೆಯಿಂದ ಅಚ್ಚಿನ ನಡುವಿಗೆ ಇರುವುದು 43 ಅಂಗುಲ. ಎಷ್ಟೇ ಒಳ್ಳೆಯ ಕೊಂಡಿ ಹಾಕಿದರೂ ಈ ನಾಲ್ಕು ಅಂಗುಲ ಅಳಿಯುವುದಿಲ್ಲ. ಕೊಂಡಿ ಕ್ಯಾಂಪರನ್ನು ಇದ್ದಲ್ಲೇ ಹಿಡಿಯುತ್ತದೆಯೇ ಹೊರತು, ಭಾರ ಬೀಳುವ ಜಾಗವನ್ನು ಬದಲಿಸುವುದಿಲ್ಲ. ಹಿಂದಿನ ಸ್ಪ್ರಿಂಗ್‌ಗಳಿಗೆ ಆಸರೆಯಾಗಿ ಗಾಳಿ ತುಂಬುವ ಚೀಲಗಳನ್ನು (ಏರ್‌ಬ್ಯಾಗ್) ಸೇರಿಸುವ ಸಲಹೆಯೂ ಬಂತು; ಅದು ಕುಸಿದ ಹಿಂಭಾಗವನ್ನು ಎತ್ತಿ ನೋಟವನ್ನು ನೆಟ್ಟಗೆ ಮಾಡುತ್ತದೆ, ಆದರೆ ಹೊರುವ ಮಿತಿಯನ್ನು ಹೆಚ್ಚಿಸುವುದಿಲ್ಲ, ಮುಂದಿನ ಚಕ್ರಗಳಿಗೆ ಭಾರವನ್ನೂ ಮರಳಿಸುವುದಿಲ್ಲ. ಕ್ಯಾಂಪರಿನ ಮುಂಭಾಗದ 30 ಗ್ಯಾಲನ್ ನೀರಿನ ತೊಟ್ಟಿಯನ್ನು ತುಂಬಿದರೆ ಸುಮಾರು 250 ಪೌಂಡ್ ಮುಂದಕ್ಕೆ ಸಿಗುತ್ತದಲ್ಲ ಎಂಬ ಆಸೆ ನನಗೂ ಹುಟ್ಟಿತ್ತು. ತಿರುವುಗಳಲ್ಲಿ ತುಳುಕುವ ನೀರನ್ನು ನಂಬಿ ಪರ್ವತ ಇಳಿಯಲು ಧೈರ್ಯ ಬರಲಿಲ್ಲ.

ಒಂದು ತಿಂಗಳ ನಂತರ ಡೆನ್ವರ್‌ನ ಗೆಳೆಯರೊಬ್ಬರು ತಮ್ಮ ಎಂಟು ಅಡಿ ಬೆಡ್‌ನ ಡೀಸೆಲ್ ಪಿಕಪ್ಪನ್ನು ಕೊಟ್ಟರು. ಚಾಸಿ ಕೊಂಡಿಗಳು ಅದರಲ್ಲಿ ಮೊದಲೇ ಇದ್ದವು. ಜಗಲಿ ಇಲ್ಲಿಯೂ ಬೇಕಾಯಿತು. ಉದ್ದ ಬೆಡ್‌ನ ಹೆಚ್ಚುವರಿ ಉದ್ದದ ದೊಡ್ಡ ಪಾಲು ಅಚ್ಚಿನ ಮುಂದೆಯೇ ಸೇರಿಕೊಳ್ಳುತ್ತದೆ ಎಂಬುದನ್ನು ನಾನು ಟೇಪು ಹಿಡಿದಾಗಲೇ ಗಮನಿಸಿದ್ದು: ಅವರ ಪಿಕಪ್ಪಿನಲ್ಲಿ ಮುಂಗೋಡೆಯಿಂದ ಅಚ್ಚಿಗೆ 59 ಅಂಗುಲ. ಹೀಗಾಗಿ ಗುರುತು ಅಚ್ಚಿನ ಮುಂದೆ 12 ಅಂಗುಲದಲ್ಲಿ ಬಿತ್ತು. ಖಾಲಿ ಇದ್ದಾಗ ಮುಂದೆ 4,480 ಇದ್ದದ್ದು 4,640 ಆಯಿತು. ಹಿಂದೆ 2,860 ಇದ್ದದ್ದು 5,040 ಆಯಿತು. ಅದೇ ಕ್ಯಾಂಪರ್, ಅದೇ ಜಗಲಿ. ಮುಂದಿನ ಚಕ್ರಗಳ ಲೆಕ್ಕ ಮಾತ್ರ ಕಳೆಯುವುದರಿಂದ ಕೂಡುವುದಕ್ಕೆ ತಿರುಗಿತ್ತು. ಸುರಂಗದಿಂದ ಕೆಳಗಿನ ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ನೇರವಾಗಿ ನಿಧಾನಿಸುತ್ತಿತ್ತು. ಅಡ್ಡಗಾಳಿಗೆ ವಾಲಿದ್ದು ನಿಜ. ಅಷ್ಟು ಎತ್ತರದ ಪೆಟ್ಟಿಗೆ ಹೊತ್ತ ಮೇಲೆ ಅದು ಇದ್ದದ್ದೇ. ನಾಲ್ಕರಲ್ಲಿ ಒಂದನ್ನೇ ಆರಿಸೆಂದರೆ ನಾನು ಆರಿಸುವುದು ಇದನ್ನೇ.

ನಾಲ್ಕನೆಯದು ಟ್ರೇಲರ್. ಮರುವರ್ಷ ಚಾವಣಿಯ ದುರಸ್ತಿಗೆಂದು ಕ್ಯಾಂಪರನ್ನು ಗ್ರೀಲಿಗೆ ಒಯ್ಯಬೇಕಾದಾಗ, ಚಕ್ರಗಳ ಮೇಲೆಯೇ ಹಲಗೆ ಹಾಸಿರುವ 20 ಅಡಿಯ ಚಪ್ಪಟೆ ಟ್ರೇಲರನ್ನು ಬಾಡಿಗೆಗೆ ತಂದೆ. ಓಟದಲ್ಲಿ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇದೇ, ಏಕೆಂದರೆ ಬೆಡ್ ಅಳತೆಯ ಪ್ರಶ್ನೆಯೇ ಅಲ್ಲಿಲ್ಲ. ಒಟ್ಟು 6,100 ಪೌಂಡಿನಲ್ಲಿ ಮೂಕಿಯ ಮೇಲೆ 720 ಪೌಂಡ್ ಬೀಳುವಂತೆ, ಅಂದರೆ ಶೇಕಡಾ 10ರಿಂದ 15ರ ನಡುವೆ ಇರುವಂತೆ ಕ್ಯಾಂಪರನ್ನು ಮುಂದೆ ಇರಿಸಿದೆವು. ಬೆಡ್‌ನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವ ಚಕ್ರದ ಉಬ್ಬುಗಳು ಇಲ್ಲಿಲ್ಲವಾದ್ದರಿಂದ ತಳದ ಸುತ್ತ ಮರದ ರೀಪುಗಳನ್ನು ಹಲಗೆಗೆ ಸ್ಕ್ರೂ ಮಾಡಿದೆವು.

ತೊಂದರೆ ಇರುವುದು ಹೇರುವಲ್ಲಿ ಮತ್ತು ಇಳಿಸುವಲ್ಲಿ. ಟ್ರೇಲರಿನ ಅಗಲ 102 ಅಂಗುಲ. ಅದು ಕ್ಯಾಂಪರಿನ ಜ್ಯಾಕ್‌ಗಳ ನಡುವೆ ನುಗ್ಗುವುದಿಲ್ಲ. ಹಿಂದೆ ಜೋಡಿ ಚಕ್ರಗಳಿರುವ ಪಿಕಪ್ಪುಗಳಿಗಾಗಿ ಮುಂದಿನ ಜ್ಯಾಕ್‌ಗಳನ್ನು ಹೊರಕ್ಕೆ ತಿರುಗಿಸುವ ಚಾಚುತೋಳುಗಳು ಸಿಗುತ್ತವೆ, ಆದರೆ ಅವು ಉಪಯೋಗಕ್ಕೆ ಬರುವುದು ಕ್ಯಾಂಪರಿನ ಹಿಂಬದಿ ಹಲಗೆಯಿಂದಾಚೆ ಇದ್ದಾಗ ಮಾತ್ರ; ಮೂಕಿಯ ಭಾರಕ್ಕಾಗಿ ಅದನ್ನು ಮುಂದಕ್ಕೆ ತಂದರೆ ಹಿಂದಿನ ಜ್ಯಾಕ್‌ಗಳೂ ಹಲಗೆಯ ಮೇಲೆಯೇ ಬೀಳುತ್ತವೆ. ಕೊನೆಗೆ ಜ್ಯಾಕ್‌ಗಳನ್ನು ಬಿಚ್ಚಿ, ಮನೆಯ ಬಳಿ ಬಾಡಿಗೆ ಫೋರ್ಕ್‌ಲಿಫ್ಟ್‌ನಿಂದ ಎತ್ತಿಸಿದೆವು. ದುರಸ್ತಿ ಅಂಗಡಿಯವರ ಬಳಿ ಅವರದ್ದೇ ಯಂತ್ರವಿತ್ತು. ಎರಡೂ ತುದಿಗಳಲ್ಲಿ ಫೋರ್ಕ್‌ಲಿಫ್ಟ್, ಎಳೆಯುವ ಪಿಕಪ್ಪಿನಲ್ಲಿ ಟ್ರೇಲರ್ ಬ್ರೇಕಿನ ನಿಯಂತ್ರಕ ಇರುವವರು ಕಣ್ಣುಮುಚ್ಚಿ ಇದನ್ನು ಆರಿಸಬಹುದು. ಪಿಕಪ್ ಅರ್ಧ ಟನ್ನಿನದಾಗಿದ್ದು ಕ್ಯಾಂಪರ್ ಅದರ ಹೊರುವ ಮಿತಿಯನ್ನೇ ಮೀರಿದ್ದರೆ, ಟ್ರೇಲರಿನ ತೂಕ ಎಳೆಯುವ ಮಿತಿಯೊಳಗಿದೆಯೇ ಎಂದು ನೋಡಿಕೊಂಡು ಇದನ್ನೇ ಆರಿಸಬೇಕು. ಮನೆಯಂಗಳದಲ್ಲಿ ಒಬ್ಬರೇ ಇಳಿಸಬೇಕಾದವರಿಗೆ ಇದು ಆಗದ ಮಾತು.

ಎರಡನೆಯ ವಿಧಾನವನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಸಮತಟ್ಟಾದ ರಸ್ತೆ, ಮೂವತ್ತು ಮೈಲಿಯೊಳಗಿನ ದೂರ, ಗಾಳಿಯಿಲ್ಲದ ಬೆಳಗು, ಬಸಿದ ತೊಟ್ಟಿಗಳು, ಮುಚ್ಚಿದ ಗ್ಯಾಸ್, ಪಿಕಪ್ಪಿನ ದೀಪಗಳು ಮರೆಯಾಗುವುದರಿಂದ ಜೋಡಿಸಿ ಉರಿಸಿದ ಕ್ಯಾಂಪರಿನದೇ ಹಿಂದೀಪಗಳು, ಇಷ್ಟೆಲ್ಲ ಕೂಡಿ ಬಂದರೆ ಇಂದಿಗೂ ಒಪ್ಪಿಕೊಳ್ಳುತ್ತೇನೆ. ಮೊದಲನೆಯದನ್ನು ಮಾತ್ರ ಪಕ್ಕದ ಬೀದಿಗೂ ಮಾಡಲಾರೆ.

ಈಗ ನನ್ನ ಪಿಕಪ್ ಮಾರಾಟಕ್ಕಿದೆ, ಎಂಟು ಅಡಿ ಬೆಡ್‌ನದೊಂದನ್ನು ಹುಡುಕುತ್ತಿದ್ದೇನೆ. ನೋಡಲು ಹೋದಲ್ಲೆಲ್ಲ ಮೊದಲು ಮುಂಗೋಡೆಯಿಂದ ಹಿಂದಿನ ಅಚ್ಚಿನ ನಡುವಿನವರೆಗೆ ಟೇಪು ಹಿಡಿಯುತ್ತೇನೆ; 47 ಅಂಗುಲಕ್ಕಿಂತ ಕಡಿಮೆ ಬಂದರೆ ಬಾನೆಟ್ ತೆರೆಸುವುದಿಲ್ಲ.