ಅಲಾಯ್ ವೀಲ್ ಹಾಕಿ ಎರಡೂವರೆ ವರ್ಷ, ಕಾಟಾ ಮೇಲಿಟ್ಟಾಗ ಗೊತ್ತಾಗಿದ್ದು

ನನ್ನದು 2014ರ ಆಲ್ಟೊ 800. ಮನೆ ತೀರ್ಥಹಳ್ಳಿ, ಕೆಲಸ ಉಡುಪೀಲಿ, ಪ್ರತಿ ಶನಿವಾರ ಸಂಜೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ಲೇಬೇಕು. 14 ತಿರುವು, ಮೂರನೇ ಗೇರಲ್ಲಿ ಉಸಿರು ಕಟ್ಟುತ್ತೆ, ಎರಡಕ್ಕೆ ಹಾಕಿದ್ರೆ ಅರಚುತ್ತೆ. ವೀಲ್ ಹಗುರ ಆದ್ರೆ ಪಿಕಪ್ ಬರುತ್ತೆ ಅಂತ ಅಂಗಡಿಯವ್ರು ಹೇಳಿದ್ದು ನಂಬಿ 12 ಇಂಚಿನ ಸ್ಟೀಲ್ ರಿಮ್ ತೆಗೆಸಿ 13 ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕ್ಸಿದೆ, ಅಗಲ ಟೈರೂ ಸೇರಿ 26 ಸಾವಿರ ಆಯ್ತು.

ಚಂದ ಅಂದ್ರೆ ಚಂದ. ಭಾನುವಾರ ಬೆಳಿಗ್ಗೆ ಬಾವಿಕಟ್ಟೆ ಹತ್ರ ನಿಲ್ಲಿಸಿ ಹಳೇ ಹಲ್ಲುಜ್ಜೋ ಬ್ರಷ್ ಹಿಡ್ಕೊಂಡು ಸ್ಪೋಕ್ ಸಂದಿಯ ಕೆಂಪು ಮಣ್ಣು ತೆಗೆದು, ಬನಿಯನ್ ಬಟ್ಟೇಲಿ ಒರೆಸಿ, ಬಿಸಿಲಿಗೆ ಹೊಳೆಯೋದನ್ನ ನೋಡ್ತಾ ಕಾಫಿ ಕುಡಿಯೋದು, ಇದು ಒಂದು ವಾರವೂ ಬೇಜಾರಾಗಿಲ್ಲ. ತಿರುವಲ್ಲಿ ಹಿಡಿತನೂ ಜಾಸ್ತಿ. ಆದ್ರೆ ಪಿಕಪ್ ಬರ್ಲಿಲ್ಲ, ಮೊದಲಿಗಿಂತ ಮಂಕೇ.

ಈ ಸಲ ಅಡಿಕೆ ತೂಗೋಕೆ ಕಾಟಾ ಅಂಗಳಕ್ಕೆ ತಂದಿದ್ರು, ಒಂದು ಅಲಾಯ್ ಬಿಚ್ಚಿ ಇಟ್ಟೆ. ಟೈರ್ ಸೇರಿ 13 ಕೆಜಿ 400 ಗ್ರಾಂ. ಸ್ಟೆಪ್ನಿ ಹಳೇ ಸ್ಟೀಲ್ ರಿಮ್ಮೇ ಅಲ್ವಾ, ಅದನ್ನಿಟ್ರೆ 11 ಕೆಜಿ 200! ನಾಲ್ಕು ಚಕ್ರಕ್ಕೆ ಸುಮಾರು 9 ಕೆಜಿ ಹೆಚ್ಚು, ಅದೂ ದುಡ್ಡು ಕೊಟ್ಟು. ಅಂಗಡೀಲಿ ಒಂದೇ ಒಂದು ರಿಮ್ ತೂಗಿ ತೋರಿಸಿದ್ರೆ ಸಾಕಿತ್ತಲ್ಲ, ನಿಜವಾಗ್ಲೂ ಸಿಟ್ಟು ಬಂತು. ಕಡಿಮೆ ಬೆಲೆಯ ಎರಕದ ಅಲಾಯಲ್ಲಿ ಗಟ್ಟಿ ಬರ್ಲಿ ಅಂತ ಲೋಹ ದಪ್ಪ ಇರುತ್ತೆ, ಸೈಜೂ ದೊಡ್ಡದಾದ್ರೆ ಕೇಳೋದೇ ಬೇಡ. ಎರಕ ಹೊಯ್ಯದೆ ಲೋಹನ ಒತ್ತಿ ಮಾಡೋ ಫೋರ್ಜ್ಡ್ ಅಲಾಯ್ ಹಗುರ, ಆದ್ರೆ ಆ ಬೆಲೆ ನನ್ನ ಕೈಗೆ ಎಟುಕಲ್ಲ. ಡಿಕ್ಕೀಲಿರೋ ತೂಕನ ಇಂಜಿನ್ ಬರೀ ಎಳೆದ್ರೆ ಸಾಕು, ಚಕ್ರದ ತೂಕನ ಎಳೀಬೇಕು, ತಿರುಗಿಸ್ಲೂಬೇಕು, ಹಾಗಾಗಿ ಆ 9 ಕೆಜಿ ಘಾಟೀಲಿ ಇನ್ನೂ ಭಾರ.

ಸಿಟ್ಟಲ್ಲೇ ಕಾರಲ್ಲಿದ್ದಿದ್ದೆಲ್ಲ ಕಾಟಾಗೆ ಹಾಕ್ದೆ. ಸಸಿ ತರೋಕೆ ಹಾಕಿಸಿ ಮರೆತಿದ್ದ ಕಬ್ಬಿಣದ ಕ್ಯಾರಿಯರ್ 14, ಸಬ್‌ವೂಫರ್ ಡಬ್ಬ 15, ಬಂಪರ್ ಮುಂದಿನ ಕಬ್ಬಿಣದ ಕಂಬಿ, ಅಂದ್ರೆ ಬುಲ್ ಗಾರ್ಡ್ 9 (2017ರಲ್ಲೇ ಕೇಂದ್ರ ಸರ್ಕಾರ ಇದನ್ನ ತೆಗೆಸಿ ಅಂದಿತ್ತು), ನೀರಿನ ಕ್ಯಾನು 10, ಅಪ್ಪಯ್ಯನ ಹಾರೆ 5. ಒಟ್ಟು 53 ಕೆಜಿ! ಸುಮಾರು 700 ಕೆಜಿಯ ಕಾರಿಗೆ ಅದು ಸಣ್ಣದಲ್ಲ, ಖರ್ಚು ಒಂದು ಪಾನಾ ತಿರುಗಿಸಿದ್ದಷ್ಟೇ. ಪೆಟ್ರೋಲೂ ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತೆ, ಘಾಟಿಗೆ ಮುಂಚೆ ಫುಲ್ ಟ್ಯಾಂಕ್ ಮಾಡ್ಸೋದು ಬಿಟ್ಟೆ. ಸ್ಟೆಪ್ನಿ, ಜಾಕ್ ಮುಟ್ಟಿಲ್ಲ, ಆಗುಂಬೆ ಮಳೇಲಿ ರಾತ್ರಿ ಪಂಕ್ಚರ್ ಆದ್ರೆ ಯಾರನ್ನ ಕರೆಯೋದು.

ಅಲಾಯ್ ಟೈರ್ ಸವೆದ ಮೇಲೆ ಅಟ್ಟದಲ್ಲಿದ್ದ ಸ್ಟೀಲ್ ರಿಮ್ಮೇ ವಾಪಸ್ ಹಾಕ್ಸಿದೆ. ಈಗ ಎರಡು ತಿರುವಿನ ಮಧ್ಯೆ ಮೂರನೇ ಗೇರ್ ಎಳೆಯುತ್ತೆ, ಮೊನ್ನೆ ಶನಿವಾರ ಹಿಂದೆ ಕೂತಿದ್ದ ಅಮ್ಮನೇ ಕೇಳಿದ್ರು, ಇಂಜಿನ್ ರಿಪೇರಿ ಮಾಡ್ಸಿದ್ಯಾ ಅಂತ.